ತಮ್ಮನ ಕಾರಿನ ಬಂಪರು

ಈ ಜಿಲ್ಲೆಯ ತಾಯಂದಿರ ಆಶೀರ್ವಾದವನ್ನೆಲ್ಲ ಬಿಡಿಸಿ ಬಿಡಿಸಿ ನನ್ನ ಬೆರಳು ಸವೆದಿವೆ. ಅರಕಲಗೂಡಿನ ಆಟೋ ಇರಲಿ, ಚನ್ನರಾಯಪಟ್ಟಣದ ಟೆಂಪೋ ಇರಲಿ, ದುದ್ದದ ಕಡೆಯ ಹಾಲಿನ ವ್ಯಾನಿರಲಿ, ಬಂದವರೆಲ್ಲ ಕೇಳುವುದು ಅದನ್ನೇ. ತಾಯಿಯ ಆಶೀರ್ವಾದ. ಇಲ್ಲದಿದ್ದರೆ ಮನೆದೇವರ ಹೆಸರು, ಅದರ ಕೆಳಗೆ ಮಕ್ಕಳ ಹೆಸರು. ನಮ್ಮದು ರೇಡಿಯಂ ಅಂಗಡಿ. ಗಾಡಿಗಳ ಮೇಲೆ ಅಂಟಿಸುವ ಬಣ್ಣದ ಹಾಳೆಗೆ ಈ ಕಡೆ ಹೊಳೆಯಲಿ ಬಿಡಲಿ ರೇಡಿಯಂ ಅಂತಲೇ ಹೆಸರು. ಅಕ್ಷರವನ್ನು ಮಿಷನ್ನು ಕೊಯ್ಯುತ್ತದೆ, ನಿಜ. ಆದರೆ ಅಕ್ಷರದ ಸುತ್ತಲಿನ, ಅದರ ಹೊಟ್ಟೆಯೊಳಗಿನ ಬೇಡದ ಚೂರನ್ನೆಲ್ಲ ಸೂಜಿಯಿಂದ ಎಬ್ಬಿಸಿ ತೆಗೆಯಬೇಕು. ಅದು ನನ್ನ ಪಾಲಿಗೆ ಬಂದ ಕೆಲಸ. ಅವರೆಕಾಯಿ ಸುಲಿಯಲು ಕೂತ ಹಾಗೆ, ಬುಟ್ಟಿ ಖಾಲಿಯಾಗುವುದೇ ಇಲ್ಲ. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. ಆಗ ಯಾವನಾದರೂ ಬಂದು 'ಅಕ್ಕಾ, ವಸಿ ಸ್ಟೈಲಾಗಿ ಮಾಡ್ಕೊಡಿ' ಅಂದರೆ ಸೂಜಿಯಲ್ಲಿ ಅವನನ್ನೇ ಚುಚ್ಚಬೇಕು ಅನ್ನಿಸುತ್ತದೆ.

ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ, ಅಷ್ಟೇ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಗೆ ಅದರ ಷಟರು. ಮನೆಯ ಬಾಗಿಲು ಪಕ್ಕದ ಓಣಿಯಲ್ಲಿ. ನಮ್ಮ ಯಜಮಾನರು ಬಸ್ ಕಂಡಕ್ಟರು. ಅರಕಲಗೂಡು, ಕೊಣನೂರು ಅಂತ ದಿನವಿಡೀ ನಿಂತು ಬಂದವರು ಮನೆಯಲ್ಲಿ ಕೂತರೆ ಏಳುವುದಿಲ್ಲ. ಹೀಗಾಗಿ ಅಂಗಡಿ ನನ್ನ ತಲೆಗೇ ಕಟ್ಟಿಕೊಂಡಿದೆ.

ನನಗೆ ಇರುವವನು ಒಬ್ಬನೇ ತಮ್ಮ. ಹಿರೀಸಾವೆಯಲ್ಲಿ ಹೈವೇ ಪಕ್ಕ ಗ್ಯಾರೇಜು ಇಟ್ಟಿದ್ದಾನೆ. ಕೆಟ್ಟು ನಿಂತ ಗಾಡಿ, ಗುದ್ದಿಸಿಕೊಂಡ ಗಾಡಿ, ಎಲ್ಲವನ್ನೂ ಕ್ರೇನಿನಲ್ಲಿ ಎಳೆದು ತರುತ್ತಾನೆ. ಅವ್ವ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಹತ್ತಿರ ಅಂತ ಹಾಸನದ ನಮ್ಮ ಮನೆಯಲ್ಲೇ ಇದ್ದಳು, ಇಲ್ಲೇ ಹೋದಳು. ಇವನು ಬರುತ್ತಿದ್ದ, ಇಲ್ಲವೆನ್ನುವುದಿಲ್ಲ. ಬಂದು ಕಾಫಿ ಕುಡಿಯುವಷ್ಟರಲ್ಲಿ ಫೋನು ಬಂದು, ಯಾವುದೋ ಲಾರಿ ಎತ್ತಲು ಓಡುತ್ತಿದ್ದ. ಬಟ್ಟೆ ಬದಲಾಯಿಸಿದ್ದು, ಗಂಜಿ ಕುಡಿಸಿದ್ದು ನಾನು. ಹನ್ನೊಂದನೇ ದಿನ ಊರಿನಲ್ಲಿ ಎಲೆ ಹಾಕಿದಾಗ ನೆಂಟರೊಬ್ಬರು 'ಇಂಥಾ ಮಗನ್ನ ಎತ್ತವ್ಳೆ, ಪುಣ್ಯವಂತೆ' ಅಂದರು. ನನಗೆ ತಡೆಯಲಾಗಲಿಲ್ಲ. 'ನೋಡ್ಕಂಡಿದ್ದು ಯಾರು ಅಂತ ಅವ್ನೇ ಯೋಳ್ಲಿ' ಅಂದೆ. ಅಂದಿದ್ದು ಸುಳ್ಳಲ್ಲ. ಇವತ್ತು ಕೇಳಿದರೂ ಅದನ್ನೇ ಅನ್ನುತ್ತೇನೆ.

ಅವನು ಎಲೆಯ ಮುಂದಿನಿಂದ ಎದ್ದುಬಿಟ್ಟ. 'ಇನ್ನು ನಿನ್ ಮನೆ ಹೊಸ್ಲು ತುಳಿಯಾಕಿಲ್ಲ ಕಣಕ್ಕ. ಅವ್ವನಾಣೆ!'

ಸಿಟ್ಟಿನಲ್ಲಿ ಆಡಿದ ಮಾತು, ಇಳಿದ ಮೇಲೆ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ. ಗೌರಿ ಹಬ್ಬ ಬಂತು. ಗೌರಿಗೆ ತವರಿನಿಂದ ಅಣ್ಣನೋ ತಮ್ಮನೋ ಬಾಗಿನ ತರಬೇಕು. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕುಪ್ಪಸದ ಕಣ. ಅಂಗಡಿಯಲ್ಲಿ ಸಿಗದ ವಸ್ತು ಅದರಲ್ಲಿ ಒಂದೂ ಇಲ್ಲ. ಆದರೂ ಅದು ಬಂದರೆ ಹೆಣ್ಣಿಗೆ ತವರು ಇದೆ ಅಂತ, ಬರದಿದ್ದರೆ ಇಲ್ಲ ಅಂತ. ಆ ವರ್ಷ ಷಟರು ಎಳೆದು, ಓಣಿಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಸಂಜೆಯವರೆಗೂ ಹೊಸಿಲು ನೋಡುತ್ತ ಕೂತೆ. ಮುಂದಿನ ವರ್ಷವೂ ಕೂತೆ. ಅದರ ಮುಂದಿನ ವರ್ಷ ಕೂರಲೂ ಬೇಸರವಾಗಿ ಮಲಗಿಬಿಟ್ಟೆ. ಅವ್ವ ಹೋದಾಗ ಅತ್ತಿದ್ದಕ್ಕಿಂತ ಆವತ್ತು ಹೆಚ್ಚು ಅತ್ತೆ.

ಹೋದ ವರ್ಷ, ಆಷಾಢದಲ್ಲಿ ಒಂದು ಬೆಳಗ್ಗೆ, ಅಂಗಡಿ ಮುಂದಿನ ರಸ್ತೆಯುಬ್ಬಿಗೆ ಏನೋ ಕರಕರ ಉಜ್ಜಿದ ಸದ್ದಾಯಿತು. ಒಂದು ಕೆಂಪು ಕಾರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಟೀವಿಯಲ್ಲಿ ರೇಸು ಓಡುವಂಥದ್ದು. ಅದರೊಳಗಿಂದ ಕೈಯೂರಿ, ಮಂಡಿಯೂರಿ, ಉಸ್ಸಪ್ಪಾ ಅಂತ ಎದ್ದು ಬಂದವನು ನನ್ನ ತಮ್ಮ. ಕೈಯಲ್ಲಿದ್ದ ಸೂಜಿ ಕೈಯಲ್ಲೇ ನಿಂತಿತು.

'ಅಂಗಡಿಗ್ ಬಂದಿವ್ನಿ, ಮನೆಗಲ್ಲ' ಅಂದ. ಇಷ್ಟು ದಿನದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

'ಗಿರಾಕಿಗೋಳ್ನ ಬ್ಯಾಡ ಅನ್ನಾಕಾಯ್ತದಾ? ಏನ್ ಆಗ್ಬೇಕು?' ಅಂದೆ ನಾನೂ.

ಯಾವನೋ ಬೆಂಗಳೂರಿನವನು ಆ ಕಾರನ್ನು ಡಿವೈಡರಿಗೆ ಗುದ್ದಿಸಿದ್ದನಂತೆ. ಇವನು ಎಳೆದು ತಂದಿದ್ದನಂತೆ. ರಿಪೇರಿ ಮಾಡಿಸುವುದಕ್ಕಿಂತ ಬಿಟ್ಟುಹೋಗುವುದೇ ವಾಸಿ ಅಂತ ಅವನು ಇವನಿಗೇ ಮಾರಿಬಿಟ್ಟನಂತೆ. ಇವನು ಬಿಡುವಾದಾಗಲೆಲ್ಲ ಅದರ ಕೆಳಗೆ ನುಗ್ಗಿ ನುಗ್ಗಿ ಎಬ್ಬಿಸಿ ನಿಲ್ಲಿಸಿದ್ದಾನೆ. ಹಿಂದಿನ ಬಂಪರಿನಲ್ಲಿ ಕಂಪನಿಯ ಹೆಸರನ್ನು ಅಡ್ಡಡ್ಡಕ್ಕೆ ದೊಡ್ಡದಾಗಿ ಅಚ್ಚು ಒತ್ತಿದ್ದರಂತೆ, ಅದು ಪುಡಿಯಾಗಿತ್ತು. ಈಗ ಹಾಕಿಸಿದ ಬೇರೆ ಬಂಪರಿನ ಮೇಲೆ ಏನೂ ಇಲ್ಲ.

'ಬೋಳ್ ಬೋಳಾಗ್ ಕಾಣ್ತದೆ ಕಣಕ್ಕ. ಆ ಕಂಪ್ನಿ ಎಸ್ರು ಎಂಗಿತ್ತೋ ಅಂಗೇ, ಈ ಕಡೆಯಿಂದ ಆ ಕಡೆಗಂಟ, ಅವ್ವನ ಆಶೀರ್ವಾದ ಅಂತ ಆಕ್ಕೊಡು.'

ಅವ್ವನ ಆಶೀರ್ವಾದ! ಗಂಜಿ ಕುಡಿಸಿದವಳ ಕೈಯಲ್ಲೇ ಬರೆಸಿಕೊಳ್ಳಲು ಬಂದಿದ್ದಾನಲ್ಲ! ಬಯ್ಯುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. ಟೇಪು ಹಿಡಿದು ಅಳತೆಗೆ ಹೊರಗೆ ಬಂದೆ.

ಅಷ್ಟರಲ್ಲಿ ಅವನಿಗೆ ಫೋನು ಬಂತು. ಮಾತಾಡುತ್ತ ಮಾತಾಡುತ್ತ ಅವನ ಬಲಗಾಲು ತಾನಾಗಿಯೇ ಎದ್ದು ಆ ಹೊಸ ಬಂಪರಿನ ಮೇಲೆ ಕೂತಿತು. ಗ್ಯಾರೇಜಿನವರ ಚಾಳಿ. ಕ್ರೇನಿನ ಬಂಪರಿನ ಮೇಲೆ ಕಾಲಿಟ್ಟು ನಿಂತು ನಿಂತು ಅಭ್ಯಾಸವಾಗಿದೆ.

'ಲೇ' ಅಂದೆ. 'ಅವ್ವನ್ ಎಸ್ರು ಬರೋ ಜಾಗ ಕಣ್ಲಾ ಅದು. ಕಾಲ್ ಎಲ್ಲಿಕ್ಕಿದ್ದೀಯ ನೋಡು!'

ಬೆಂಕಿ ತುಳಿದವನಂತೆ ಕಾಲು ತೆಗೆದ. ಇನ್ನೂ ಒಂದಕ್ಷರ ಅಂಟಿಸಿರದ ಬಂಪರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ, ಒಂದು ಸಲ ಅಲ್ಲ, ಮತ್ತೆ ಮತ್ತೆ. ಫೋನಿನಲ್ಲಿದ್ದವನು ಹಲೋ ಹಲೋ ಅನ್ನುತ್ತಲೇ ಇದ್ದ.

ಸಾಮಾನ್ಯ ಗಾಡಿಯಾದರೆ ತೊಂದರೆಯಿಲ್ಲ. ದೇವರು, ತಾಯಿ, ತಂದೆ ಎಲ್ಲ ಮೇಲಿನ ಗಾಜಿಗೆ ಹೋಗುತ್ತಾರೆ. ಬಂಪರಿಗೆ ಬರೀ ಅಂತರವಿರಲಿ, ಹಾರ್ನ್ ಮಾಡಿ. ಈ ಕಾರಿನಲ್ಲಿ ಮೇಲು ಅಂತಲೇ ಇರಲಿಲ್ಲ. ಎಲ್ಲವೂ ಮೊಣಕಾಲಿನ ಮಟ್ಟಕ್ಕೇ. ಹಿಂದಿನ ಗಾಜೋ, ಮಲಗಿಕೊಂಡಿತ್ತು, ಅಂಗೈಯಗಲ.

'ಟಾಪ್ ಮೇಲ್ ಆಕು' ಅಂದ.

'ಯಾರ್ ಓದ್ಬೇಕು, ಹದ್ದಾ?'

ನಕ್ಕ. ನನಗೂ ನಗು ಬಂತು. ಆಮೇಲೆ ಇಬ್ಬರೂ ಮುಖ ಬಿಗಿದುಕೊಂಡೆವು. ಅವನು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿದ. ದಾರಿಯ ಕೆಸರೆಲ್ಲ ಅಲ್ಲಿಗೇ ಹಾರಿತ್ತು.

'ಬ್ಯಾಡ ಬುಡು. ಅವ್ವಂದ್ ಬ್ಯಾಡ' ಅಂದ. 'ಅಕ್ಕನ ಆಶೀರ್ವಾದ ಅಂತ ಆಕು.'

'ಓಹೋ! ನನ್ ಮೇಲಾದ್ರೆ ಕಾಲಿಕ್ಬೋದಾ?'

'ನೀನಾದ್ರೆ ಬಯ್ಯಾಕೆ ಇದ್ದೀಯ. ಅವ್ವ ಇಲ್ಲ' ಅಂದ. ಮುಖ ಮಾತ್ರ ಎತ್ತಲಿಲ್ಲ.

ನಾನು ಒಳಗೆ ಬಂದು ಮಿಷನ್ನಿಗೆ ಬಿಳಿ ಹಾಳೆ ಹಾಕಿದೆ. ಎಷ್ಟೋ ಸಾವಿರ ಅಕ್ಷರ ಬಿಡಿಸಿದ ಕೈಯಲ್ಲೇ ಆವತ್ತು ಒಂದು ಒತ್ತಕ್ಷರ ಹರಿದುಹೋಗಿ, ಇನ್ನೊಮ್ಮೆ ಕೊಯ್ಯಬೇಕಾಯಿತು. ಕನ್ನಡಕ ಒರೆಸಿಕೊಂಡು ಮತ್ತೆ ಕೂತೆ. ಅವನು ಹೊರಗೆ ಸೋಪಿನ ನೀರಲ್ಲಿ ಬಂಪರು ತೊಳೆಯುತ್ತಿದ್ದ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿ 'ಒಳಗ್ ಬಂದು ಉಣ್ಣು' ಅಂದೆ. ಒಲ್ಲೆ ಅಂತ ತಲೆಯಾಡಿಸಿದ. ತಟ್ಟೆಯನ್ನು ಕೌಂಟರಿಗೆ ತಂದಿಟ್ಟೆ. ತೆಗೆದುಕೊಂಡು ಹೋಗಿ ಆ ಕಾರಿನಲ್ಲೇ ಕೂತು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಸಾರು ಚೆಲ್ಲದ ಹಾಗೆ ಒದ್ದಾಡಿಕೊಂಡು ಉಂಡ. ದಾರಿಹೋಕರು ನಿಂತು ನೋಡಿದರು. ಇಂಥ ಹಟಮಾರಿಯ ಜೊತೆ ಹುಟ್ಟಿದೆನಲ್ಲ ಅನ್ನಿಸಿತು.

ಅಂಟಿಸುವಾಗ ಇಬ್ಬರೂ ಬಂಪರಿನ ಮುಂದೆ ನೆಲಕ್ಕೆ ಕೂತೆವು. ಅವನು ಒಂದು ತುದಿ ಹಿಡಿದ, ನಾನು ಇನ್ನೊಂದು. ನೀರು ಚಿಮುಕಿಸಿ, ಗುಳ್ಳೆ ಉಳಿಯದ ಹಾಗೆ ಒತ್ತಿ ಒತ್ತಿ, ಮೇಲಿನ ಕಾಗದ ಸುಲಿದೆವು. ಚೆನ್ನಾಗಿಯೇ ಬಂತು. 'ಬತ್ತೀನಿ' ಅಂದ. ಕಾರು ರಸ್ತೆಯುಬ್ಬಿಗೆ ಇನ್ನೊಮ್ಮೆ ಉಜ್ಜಿ ಹೋಯಿತು. ಹಬ್ಬಕ್ಕೆ ಬಾ ಅಂತ ನಾನು ಕರೆದಿರಲಿಲ್ಲ.

ಭಾದ್ರಪದ ಬಂತು. ಗೌರಿಯ ದಿನ ಬೆಳಗ್ಗೆ ಮಿಂದು, ರೇಷ್ಮೆ ಸೀರೆಯುಟ್ಟು, ಪೂಜೆ ಮುಗಿಸಿ, ಓಣಿಯ ಬಾಗಿಲಿಗೆ ತೋರಣ ಕಟ್ಟಿದೆ. ಆಮೇಲೆ ಈ ಕಡೆ ಬಂದು ಷಟರು ಎತ್ತಿದೆ.

'ಹಬ್ಬದ ದಿನ ಅಂಗಡಿ ಯಾಕೆ?' ಅಂದರು ಯಜಮಾನರು. ನಾನು ಅವರ ಮುಖ ನೋಡಿದೆ. ಅವರಿಗೆ ಅರ್ಥವಾಯಿತು. ಬಂದು, ಅರ್ಧಕ್ಕೆ ಸಿಕ್ಕಿಕೊಂಡಿದ್ದ ಷಟರನ್ನು ಪೂರ್ತಿ ಮೇಲಕ್ಕೆ ತಳ್ಳಿಕೊಟ್ಟರು.

ಕೌಂಟರಿನ ಹಿಂದೆ ಕೂತೆ. ಬಾಗಿನ ಹಿಡಿದವರು ರಸ್ತೆಯಲ್ಲಿ ಬೈಕಿನ ಮೇಲೆ ಹೋಗುತ್ತಲೇ ಇದ್ದರು. ಒಬ್ಬ ಹುಡುಗ ಬಂದು ನಂಬರ್ ಪ್ಲೇಟು ಮಾಡಿಕೊಡಿ ಅಂದ.

'ಇವತ್ತು ಅಂಗಡಿ ಇಲ್ಲ.'

'ಮತ್ತೆ ತೆಗ್ದಿದ್ದೀರಲ್ಲಕ್ಕ?'

'ಗಾಳಿಗೆ' ಅಂದೆ. ಅವನು ರೇಷ್ಮೆ ಸೀರೆಯನ್ನೂ ನನ್ನನ್ನೂ ನೋಡಿ ಹೋದ.

ಹನ್ನೆರಡು ದಾಟಿತು. ಹೊಟ್ಟೆ ಹಸಿದಿತ್ತು, ಉಣ್ಣಲು ಮನಸ್ಸಿಲ್ಲ. ಇದೇನು ಹುಚ್ಚು ನನಗೆ, ಈ ವಯಸ್ಸಿನಲ್ಲಿ, ಎಳೆದುಬಿಡೋಣ ಅಂತ ಎದ್ದೆ. ಷಟರಿನ ಕೋಲು ಕೈಗೆ ತೆಗೆದುಕೊಂಡಿದ್ದೆ. ರಸ್ತೆಯುಬ್ಬಿಗೆ ಕರಕರ ಉಜ್ಜಿದ ಸದ್ದಾಯಿತು.

ಮೊರವನ್ನು ಎರಡು ಕೈಯಲ್ಲೂ ಹಿಡಿದಿದ್ದರಿಂದ ಆ ಕಾರಿನಿಂದ ಏಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಬಂದು, ರೇಡಿಯಂ ಸುರುಳಿಗಳ ಪಕ್ಕ, ಕೌಂಟರಿನ ಮೇಲೆ ಇಟ್ಟ. 'ಅಂಗಡಿ ತೆಗ್ದಿದ್ಯಲ್ಲ, ಅದ್ಕೆ ಬಂದೆ' ಅಂದ. ತೆಗೆದಿರುತ್ತದೆ ಅಂತ ಹಿರೀಸಾವೆಯಲ್ಲಿ ಇವನಿಗೆ ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ. ಸೆರಗೊಡ್ಡಿ ಬಾಗಿನ ತೆಗೆದುಕೊಂಡೆ.

'ಬಂಪರ್ ಮೇಲೆ ಬರೆಸ್ಕಂಡು ಊರೂರ್ ತಿರುಗ್ತಿದ್ದೀಯಲ್ಲ' ಅಂದೆ, 'ಆಶೀರ್ವಾದ ಯಾವಾಗ್ಲಾ ಇಸ್ಕಂಡೆ ನನ್ನತ್ರ?'

ಅವನು ಕೌಂಟರಿನ ಕಡೆ ನೋಡಿದ. ಅದು ಅಡ್ಡ ಇತ್ತು. ನಾನೇ ಈಚೆ ಬಂದೆ. ರಸ್ತೆಯ ಪಕ್ಕ, ಹೋಗಿ ಬರುವವರ ಎದುರಿಗೇ, ಬಗ್ಗಿ ನನ್ನ ಕಾಲಿಗೆ ಹಣೆ ಮುಟ್ಟಿಸಿದ. ನೆತ್ತಿಯ ಮೇಲೆ ಕೈಯಿಟ್ಟೆ. ಕೂದಲು ಉದುರಿಹೋಗಿತ್ತು, ಉಳಿದಿದ್ದು ಬೆಳ್ಳಗಾಗಿತ್ತು. ನನ್ನ ತಮ್ಮನಿಗೂ ವಯಸ್ಸಾಗಿಬಿಟ್ಟಿದೆ ಅಂತ ಅಳು ಬಂತು. ಅತ್ತುಬಿಟ್ಟೆ.

'ಈಗ್ಲಾದ್ರೂ ಒಳಗ್ ಬಾರ್ಲಾ. ಒಬ್ಬಟ್ಟು ಮಾಡಿವ್ನಿ.'

ಅವನು ಓಣಿಯ ಕಡೆಗೆ, ತೋರಣ ಕಟ್ಟಿದ ಬಾಗಿಲ ಕಡೆಗೆ ನೋಡಿದ. 'ಅವ್ವನ್ ಮೇಲೆ ಆಣೆ ಆಕ್ಬುಟ್ಟಿವ್ನಲ್ಲಕ್ಕ' ಅಂದ. ಅವನ ಕಣ್ಣಲ್ಲೂ ನೀರಿತ್ತು. ಅಂಟಿಸಿಯೇ ಇರದ ಹೆಸರಿನಿಂದ ಕಾಲು ತೆಗೆದು ಕಣ್ಣಿಗೊತ್ತಿಕೊಂಡವನಿಗೆ, ಆ ಆಣೆ ಮುರಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಬಾಳೆಲೆಯನ್ನು ಕೌಂಟರಿನ ಮೇಲೇ ಹಾಸಿ ಬಡಿಸಿದೆ. ರಸ್ತೆಗೆ ಬೆನ್ನು ಮಾಡಿ, ನಿಂತುಕೊಂಡೇ ಉಂಡ. ಒಬ್ಬಟ್ಟಿಗೆ ತುಪ್ಪ ಇನ್ನೊಂದು ಸಲ ಹಾಕಿಸಿಕೊಂಡ. ಕೈ ತೊಳೆದು ಹೊರಟ.

ಸಂಜೆ ಯಜಮಾನರು ಷಟರು ಎಳೆಯಲು ಬಂದರು. 'ಮುಂದಿನ್ ಗೌರಿಗೆ?' ಅಂದರು.

'ತೆಗೀಬೇಕು' ಅಂದೆ.