ಎರಡು ಬೆರಳಿನ ಭಾರ

ಪೇಟೆಯವರೆಲ್ಲ ಅವರನ್ನು ಕೈ ಡಾಕ್ಟ್ರು ಎಂದೇ ಕರೆಯುತ್ತಾರೆ. ಬಂದವರ ಎಡಗೈಗೆ ಔಷಧಿಯ ಪುಟ್ಟ ಸೀಸೆ ಕೊಟ್ಟು, ಬಲತೋಳನ್ನು ನೇರಕ್ಕೆ ಚಾಚಿಸಿ, ಮಣಿಕಟ್ಟಿನ ಮೇಲೆ ಎರಡೇ ಬೆರಳಿಟ್ಟು ಒತ್ತುತ್ತಾರೆ. ತೋಳು ನಿಂತರೆ ಔಷಧಿ ಒಗ್ಗುತ್ತದೆ, ಕುಸಿದರೆ ಒಗ್ಗುವುದಿಲ್ಲ. “ನಾನೇನೂ ಹೇಳಲ್ಲಪ್ಪ, ನಿನ್ನ ಮೈಯೇ ಹೇಳುತ್ತೆ. ಮೈ ಸುಳ್ಳು ಹೇಳಲ್ಲ” ಎನ್ನುವುದು ಅವರ ಮಂತ್ರ. ದಿಂಬಿನಿಂದ ಹಿಡಿದು ಚಪ್ಪಲಿಯವರೆಗೆ ಅವರ ಮನೆಗೆ ಬಂದದ್ದೆಲ್ಲ ಈ ಪರೀಕ್ಷೆ ಪಾಸಾಗಿಯೇ ಬಂದದ್ದು. ಒಮ್ಮೆ ಶಾಲೆಯ ಮೇಷ್ಟ್ರೊಬ್ಬರು ಹೆಸರಿನ ಚೀಟಿ ಕಿತ್ತ ಸೀಸೆಗಳನ್ನು ತಂದಾಗ, ಒಂದೇ ಸೀಸೆಗೆ ತೋಳು ಒಮ್ಮೆ ನಿಂತಿತು, ಒಮ್ಮೆ ಬಿತ್ತು. “ಒತ್ತೋರಿಗೆ ಗೊತ್ತಿದ್ರೆ ಮಾತ್ರ ತೋಳಿಗೂ ಗೊತ್ತಿರುತ್ತೆ, ಅಲ್ವಾ ಸ್ವಾಮಿ?” ಅಂದರು ಮೇಷ್ಟ್ರು. “ನಂಬಿಕೆ ಇಲ್ಲದೋರ ಹತ್ರ ಮೈ ಮಾತಾಡಲ್ಲ” ಎಂದು ಇವರು ಮುಖ ತಿರುಗಿಸಿದರು. ಈಗ ಮಾತ್ರ, ಯಾರಾದರೂ ಮೈಯಲ್ಲಿ ಗಂಟಿದೆ ಎಂದರೆ ಅವರ ಬೆರಳು ತಾನಾಗಿ ಹಿಂದೆ ಸರಿಯುತ್ತದೆ. “ಮೊದಲು ದೊಡ್ಡಾಸ್ಪತ್ರೆಗೆ ತೋರಿಸಮ್ಮ” ಎನ್ನುತ್ತಾರೆ. ತೀರಿಹೋದ ಹೆಂಡತಿ ಎದೆಯ ಗಂಟಿನ ಮೇಲೆ ಒಂದು ಕೈಯಿಟ್ಟು ಇನ್ನೊಂದನ್ನು ಚಾಚಿದ ದಿನ, ಆ ತೋಳು ಕಂಬದಂತೆ ನಿಂತಿತ್ತು. “ಏನೂ ಇಲ್ಲ ಕಣೇ” ಎಂದು ಇವರು ನಕ್ಕಿದ್ದರು. ಅಂದು ಎಷ್ಟು ಮೆಲ್ಲಗೆ ಒತ್ತಿದ್ದರೆಂಬುದು ಆ ಎರಡು ಬೆರಳಿಗೆ ಮಾತ್ರ ಗೊತ್ತು.