ಅಜ್ಜಿ ಓದಲಿಲ್ಲ, ಜಯಕ್ಕ

ಜಯಕ್ಕ, ಫ್ರೀಡಾ ಅಜ್ಜಿ ನೀವು ಬರೆದದ್ದನ್ನು ಓದಲಿಲ್ಲ. ಓದಿಯೇ ಕಣ್ಣು ಮುಚ್ಚಿದರು ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳನ್ನು ನಂಬಿಕೊಂಡು ನೀವು ಇಷ್ಟು ದಿನ ನೆಮ್ಮದಿಯಾಗಿದ್ದಿರಿ. ಆ ನೆಮ್ಮದಿಯನ್ನು ಈಗ ನಾನೇ ಕಿತ್ತುಕೊಳ್ಳುತ್ತಿದ್ದೇನೆ — ಅದೂ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದಿರುವ ನನ್ನ ಡಿಟಿಪಿ ಅಂಗಡಿಗೆ ನೀವು ಹಳೆಯ ಲ್ಯಾಪ್‌ಟಾಪೊಂದನ್ನು ಟವಲಿನಲ್ಲಿ ಸುತ್ತಿಕೊಂಡು ಬಂದಿರಿ. ಜೆರುಸಲೇಮಿನಲ್ಲಿ ಒಬ್ಬ ಯಹೂದಿ ಅಜ್ಜಿಯನ್ನು ವರ್ಷಗಟ್ಟಲೆ ನೋಡಿಕೊಂಡವರು ನೀವು ಎಂದು ಮುತ್ತತ್ತಿ ಕಡೆಯವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಆ ಅಜ್ಜಿ ಊಟದ ಮೇಜಿನ ಮೇಲೆ ಪೇಪರು ಹರಡಿ ತನ್ನ ಮನೆಮಾತು ಯಿಡ್ಡಿಷನ್ನು ನಿಮಗೆ ಓದಲು, ಬರೆಯಲು ಕಲಿಸಿದ್ದು ಅಂದೇ ತಿಳಿದದ್ದು.

"ಸುಮಾ, ಇದ್ರಲ್ಲಿ ಯಿಡ್ಡಿಷ್ ಬರೋಂಗೆ ಮಾಡ್ಕೊಡವ್ವ," ಅಂದಿರಿ. "ಅಜ್ಜೀಗೆ ಕಿವಿ ಪೂರ್ತಿ ಮಂದ ಆಗ್ಯದೆ, ಪೋನಲ್ಲಿ ಏನೂ ಕೇಳ್ಸಾಕಿಲ್ಲ. ಕೈಲಿ ಬರ್ದಿದ್ದು ಕಣ್ಣಿಗೆ ಇಡಿಯಾಕಿಲ್ಲ. ಟೈಪ್ ಮಾಡಿದ್ನ ಪರದೇಲಿ ದೊಡ್ದು ಮಾಡ್ಕೊಟ್ರೆ ಓದ್ತಾಳೆ ಕಣವ್ವ."

ಏನನ್ನು ಓದಿಸಬೇಕಿತ್ತು ಎಂಬುದನ್ನೂ ಹೇಳಿದಿರಿ. ಆ ಮನೆಯಲ್ಲಿ ಧರ್ಮದ ಕಟ್ಟಳೆ ಪ್ರಕಾರ ಹಾಲಿನ ಪಾತ್ರೆಯನ್ನೂ ಮಾಂಸದ ಪಾತ್ರೆಯನ್ನೂ ಒಂದಕ್ಕೊಂದು ಸೋಕಿಸಲೇಬಾರದಂತೆ. ಒಂದು ದಿನ ನೀವು ಮರೆತು ಹಾಲಿನ ಚಮಚವನ್ನು ಮಾಂಸದ ಸಾರಿನ ಪಾತ್ರೆಗೆ ಹಾಕಿದಿರಿ. ಅಜ್ಜಿ ರೇಗಿ, "ನಿನ್ನ ಮನೆಗೆ ಹೋಗು" ಎಂದುಬಿಟ್ಟರು. ಆ ಸಿಟ್ಟು ಸಂಜೆಗೆಲ್ಲ ಇಳಿದಿತ್ತು. ಆದರೆ ಅದೇ ವಾರ ನಿಮ್ಮ ತಾಯಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಬಂತು, ನೀವು ಹೊರಟಿರಿ, ತಾಯಿಯನ್ನು ಬಿಟ್ಟು ಮತ್ತೆ ಹೋಗಲಾಗಲಿಲ್ಲ. ತಾನಾಡಿದ ಮಾತಿಗೇ ನೀವು ಬಿಟ್ಟುಹೋದಿರೆಂದು ಅಜ್ಜಿ ತಿಳಿದರು. ಹಾಗಲ್ಲ ಎಂದು ಅವರ ಮಗಳು ಎಷ್ಟು ಹೇಳಿದರೂ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತೀಯ, ಅವಳೇ ಹೇಳಲಿ — ಎಂದರಂತೆ.

ಇಷ್ಟೆಲ್ಲ ಕೇಳಿಸಿಕೊಂಡೇ ನಾನು "ಅದೇನ್ ಮಹಾ, ಬುಡಕ್ಕ" ಅಂದೆ. ಕನ್ನಡ, ತಮಿಳು, ಹಿಂದಿ, ತೆಲುಗು ಪೋಸ್ಟರು — ನನ್ನ ಕೈಗೆ ಬಾರದ ಅಕ್ಷರವಿಲ್ಲ ಎಂಬ ಗರ್ವ ನನಗೆ. ನಾವು ಕಾರ್ಡು ಅಚ್ಚು ಹಾಕಿಸುವವರು ಮಾಡುವುದನ್ನೇ ಅಲ್ಲೂ ಮಾಡಿದೆ. ಆ ಲಿಪಿಯ ಆಕಾರವಿರುವ ಒಂದು ಫಾಂಟ್ ಹುಡುಕಿ ಹಾಕಿದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ಮೇಲೆ ಬೇರೆ ವೇಷ. ನಮ್ಮಲ್ಲಿ ಕನ್ನಡವನ್ನೂ ಎಷ್ಟೋ ವರ್ಷ ಹೀಗೇ ಹೊಡೆದಿದ್ದೇವೆ. ಮಂಡ್ಯದ ಪ್ರೆಸ್ಸಿನವರ ಕಂಪ್ಯೂಟರಿನಲ್ಲೂ ಅದೇ ಫಾಂಟ್ ಇರುವುದರಿಂದ ಯಾವತ್ತೂ ತೊಂದರೆಯಾಗಿರಲಿಲ್ಲ. ಇಲ್ಲದ ಕಡೆ ಆ ವೇಷ ಕಳಚಿಬೀಳುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯೋಚಿಸಲಿಲ್ಲ.

ಯಿಡ್ಡಿಷ್ ಬಲದಿಂದ ಎಡಕ್ಕೆ ಓಡಬೇಕು. ನನ್ನ ಫಾಂಟ್ ಓಡಲಿಲ್ಲ. ಒಂದು ಅಕ್ಷರ ಒತ್ತಿ, ಎಡಬಾಣದ ಕೀ ಒತ್ತಿ, ಆಮೇಲೆ ಮುಂದಿನ ಅಕ್ಷರ — ಹೀಗೆ ಮಾಡಿ ಎಂದೆ. ಕೀಗಳ ಮೇಲೆ ಸಣ್ಣ ಚೀಟಿ ಅಂಟಿಸಿ ಅಜ್ಜಿಯ ಅಕ್ಷರಗಳನ್ನು ನೀವೇ ಬರೆದುಕೊಂಡಿರಿ. ಸಂತೆಯ ದಿನ ಬಂದಾಗಲೆಲ್ಲ ನನ್ನ ಅಂಗಡಿಯ ಮೂಲೆಯಲ್ಲಿ ಕೂತು, ಒಂದೇ ಬೆರಳಿನಲ್ಲಿ... ಕಂಪ್ಯೂಟರಿನ ಸೆಟ್ಟಿಂಗಿನಲ್ಲೇ ಆ ಭಾಷೆ ಸೇರಿಸಿದ್ದರೆ ಅಕ್ಷರಗಳು ತಾವಾಗಿಯೇ ಸರಿಯಾದ ದಿಕ್ಕಿಗೆ ಓಡುತ್ತಿದ್ದವು ಎಂದು ನಾನು ಆಮೇಲೆ ತಿಳಿದುಕೊಂಡೆ. ನೀವು ಪಟ್ಟ ಪಾಡೆಲ್ಲ ನನ್ನ ಸೋಮಾರಿತನದ್ದು.

ಬರೆದು ಮುಗಿಸಿದ ದಿನ ಅದನ್ನು ಕನ್ನಡದಲ್ಲಿ ಓದಿ ಹೇಳಿದಿರಿ. "ನಾ ಸಿಟ್ ಮಾಡ್ಕಂಡು ಬಂದಿಲ್ಲ ಕಣಜ್ಜಿ. ನಮ್ಮವ್ವ ಬಿದ್ಬುಟ್ಟಿದ್ಲು. ನೀನು ಬೈದಿದ್ದು ನನ್ ಮನಸ್ನಲ್ಲೇ ಇಲ್ಲ." ಅಜ್ಜಿಯ ಮಗಳಿಗೆ ನಿಮ್ಮ ಕಣ್ಣೆದುರೇ ನಮ್ಮ ಅಂಗಡಿಯ ಮೇಲ್‌ನಿಂದ ಕಳಿಸಿದೆ. ನೀವು ನನ್ನ ತಲೆ ಸವರಿದಿರಿ.

ನಿಮ್ಮ ಹಳ್ಳಿಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲವಾದ್ದರಿಂದ ಅಜ್ಜಿಯ ಮಗಳಿಗೆ ಕೊಟ್ಟಿದ್ದು ನಮ್ಮ ಅಂಗಡಿಯ ನಂಬರು. ಮಾರನೇ ದಿನವೇ ಆಕೆ ಫೋನ್ ಮಾಡಿದರು. ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದಿದೆ, ಏನೂ ಓದಲಾಗುತ್ತಿಲ್ಲ ಎಂದರು. ನಾನು ಹೇಳಿದ್ದೇನು ಗೊತ್ತೇ? ಎಲ್ಲ ಗಿರಾಕಿಗಳಿಗೂ ಹೇಳುವ ಮಾತು — "ನಮ್ಮಲ್ಲಿ ಸರಿಯಾಗೇ ಕಾಣ್ತಿದೆ." ಆಕೆ ಜೋರು ಮಾಡಲಿಲ್ಲ. ಇನ್ನೊಂದು ಸಲ ಕಳಿಸಿ, ದಯವಿಟ್ಟು ಬೇಗ, ಎಂದರು.

ಬರೆದದ್ದನ್ನು ಚಿತ್ರ ಮಾಡಿ ಕಳಿಸಿದ್ದರೆ ಮುಗಿಯುತ್ತಿತ್ತು. ಎದುರಿಗಿದ್ದ ಟೀ ಆರುವಷ್ಟರಲ್ಲಿ ಆಗುವ ಕೆಲಸ. ಅದು ಮದುವೆ ಕಾರ್ಡುಗಳ ಕಾಲ, ನಿಡಘಟ್ಟದವರೊಬ್ಬರು ಎದುರಿಗೇ ನಿಂತು ಅವಸರ ಮಾಡುತ್ತಿದ್ದರು... ಇಲ್ಲ, ಅದನ್ನು ನೆಪವಾಗಿ ಹೇಳಬಾರದು. ನಾಳೆ ಮಾಡೋಣ ಅಂದುಕೊಂಡೆ. ಆ ನಾಳೆ ಮುಂದಕ್ಕೆ ಹೋಗುತ್ತಲೇ ಇತ್ತು. ನೀವು ಸಂತೆಗೆ ಬಂದು "ಸುದ್ದಿ ಬಂತಾ?" ಎಂದಾಗ, ಇನ್ನೂ ಇಲ್ಲ ಎಂದೆ. ತಪ್ಪಾಗಿದೆ ಎಂದು ಅಂದಾದರೂ ಹೇಳಬಹುದಿತ್ತು. ಊರಲ್ಲೆಲ್ಲ ನನ್ನನ್ನು ಹೊಗಳಿಕೊಂಡು ತಿರುಗುತ್ತಿದ್ದಿರಿ, ಆ ಹೊಗಳಿಕೆಯನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ.

ಮುಂದಿನ ಫೋನು ಅಜ್ಜಿ ಹೋದರೆಂದು ಬಂತು. ನಿಮಗೆ ಹೇಳಿ ಕಳಿಸಿದೆ. ನೀವು ಬಂದು ಬೆಂಚಿನ ಮೇಲೆ ಕೂತು ಒಂದೇ ಒಂದು ಮಾತು ಕೇಳಿದಿರಿ.

"ಓದ್ಕಂಡ್ಲಂತಾ?"

"ಓದಿದ್ರಂತೆ ಕಣಕ್ಕ."

ನಿಮ್ಮ ದುಃಖ ನೋಡಲಾಗದೆ ಹಾಗೆಂದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ — ನನ್ನ ಮರ್ಯಾದೆ ಉಳಿಯಲಿ ಎಂದು. ನೀವು ಸೆರಗಿನಲ್ಲಿ ಕಣ್ಣೊರೆಸಿಕೊಂಡು "ಅಷ್ಟ್ ಸಾಕು ಬುಡು" ಎಂದಿರಿ. ಅಲ್ಲಿಂದಾಚೆಗೆ ಸಂತೆಗೆ ಬಂದಾಗಲೆಲ್ಲ ನನಗೆಂದು ಅವರೆಕಾಯೋ ಹುಣಸೆಹಣ್ಣೋ ತಂದುಕೊಡುತ್ತೀರಿ. ಮೊನ್ನೆ ಅಂಗಡಿಯಲ್ಲಿದ್ದವರಿಗೆಲ್ಲ ನನ್ನನ್ನು ತೋರಿಸಿ, "ಇವ್ಳಿಂದ್ಲೇ ನಮ್ಮಜ್ಜಿ ನೆಮ್ಮದಿಯಾಗಿ ಓದ್ಲು" ಎಂದಿರಿ. ಅದನ್ನು ಕೇಳಿಕೊಂಡು ನಿಂತಿರಲು ನನ್ನಿಂದಾಗಲಿಲ್ಲ, ಎದ್ದು ಹಿಂದಿನ ಕೋಣೆಗೆ ಹೋದೆ.

ಇನ್ನೂ ಒಂದಿದೆ. ಇದನ್ನು ಬಚ್ಚಿಟ್ಟರೆ ಇಷ್ಟು ಹೊತ್ತು ಒಪ್ಪಿಕೊಂಡದ್ದೂ ನಾಟಕವೇ ಆಗುತ್ತದೆ. ಆ ಮೊದಲ ಫೋನಿನಲ್ಲಿ, ಇಡುವ ಮುಂಚೆ, ಮಗಳು ಬೇಗ ಕಳಿಸಿ ಎನ್ನಲು ಕಾರಣವನ್ನೂ ಹೇಳಿದ್ದರು. "ಅಮ್ಮ ದಿನಾ ಕೇಳುತ್ತಾಳೆ — ಅವಳಿಗೆ ಇನ್ನೂ ನನ್ನ ಮೇಲೆ ಸಿಟ್ಟಿದೆಯಾ ಅಂತ."

ಇದನ್ನು ಬರೆದು ಕಳಿಸಿಬಿಟ್ಟೆ ಎಂದು ತಪ್ಪಿಸಿಕೊಳ್ಳುವುದಿಲ್ಲ. ಭಾನುವಾರ ಮುತ್ತತ್ತಿ ಬಸ್ಸು ಹತ್ತಿ ನಿಮ್ಮ ಮನೆಗೇ ಬರುತ್ತೇನೆ, ನಿಮ್ಮೆದುರು ಕೂತು ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಫ್ರೀಡಾ ಅಜ್ಜಿ ನಿಮಗೆ ತನ್ನ ಮೇಲೆ ಸಿಟ್ಟಿದೆ ಎಂದುಕೊಂಡೇ ಸತ್ತರು, ಜಯಕ್ಕ. ಇಲ್ಲ ಎಂಬ ನಿಮ್ಮ ಉತ್ತರ ನನ್ನ ಕಂಪ್ಯೂಟರಿನಲ್ಲೇ ಇತ್ತು.