ಹೆಣದ ಗಾಡಿಯ ಎಡಗಡೆ ಬೆಂಚು

ಯಜ್ಞೇಶ್ವರನಿಗೆ ಹೇಸಿಗೆ ಬಹಳ. ಕಾರ್ಕಳದ ಕಡೆಯಿಂದ ಠಾಣೆ ಶಹರಕ್ಕೆ ಬಂದು ಹೋಟೆಲಿಗೆ ಸೇರಿದವನು ಒಂದು ತಿಂಗಳೂ ನಿಲ್ಲಲಿಲ್ಲ. ಒಂದೇ ಒದ್ದೆ ಬಟ್ಟೆಯಲ್ಲಿ ಇಪ್ಪತ್ತು ಮೇಜು ಒರೆಸುವುದು ಅವನಿಂದ ಆಗಲಿಲ್ಲ. ಒಣ ಕೆಲಸ ಬೇಕೆಂದು ಗಾಡಿಗಳ ವೈರಿಂಗ್ ಕಲಿತ. ಕೋಪರಿಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರವೇ ಅಂಗಡಿಗೆಂದು ಒಂದು ಸಣ್ಣ ಗಾಲೆ ಬಾಡಿಗೆಗೆ ಹಿಡಿದ. ಅಲ್ಲಿಯೂ ಹೇಸಿಗೆ ಬಿಡಲಿಲ್ಲ. ಹಲ್ಲಿನಿಂದ ಕಚ್ಚಿ ಸುಲಿದ ವೈರು, ಸೋಲ್ಡರ್ ಇಲ್ಲದೆ ಬರೇ ಹೊಸೆದು ಟೇಪು ಸುತ್ತಿದ ಜೋಡಣೆ ಕಂಡರೆ ಅವನ ಮುಖ ಕಿವುಚಿಕೊಳ್ಳುತ್ತಿತ್ತು. "ಇದನ್ನು ಮಾಡಿದವನ ಕೈಯಿಂದ ನೀರು ಕುಡೀಲಿಕ್ಕಿಲ್ಲ" ಎನ್ನುತ್ತಿದ್ದ.

೨೦೧೧ರ ಮೇ ತಿಂಗಳಲ್ಲಿ ಅವನ ಅಂಗಡಿಯ ಮುಂದೆ ಒಂದು ಹೆಣದ ಗಾಡಿ ಬಂದು ನಿಂತಿತು. ಡೊಂಬಿವಲಿಯ ಒಂದು ಟ್ರಸ್ಟಿನ ಹಳೆಯ ಡೀಸೆಲ್ ವ್ಯಾನು. ಓಡಿಸುವವನು ಮುಂಡಪ್ಪ, ಯಜ್ಞೇಶ್ವರನಿಗೆ ಊರ ಕಡೆಯಿಂದಲೇ ಪರಿಚಯ. ಗಾಡಿ ಕಂಡದ್ದೇ ಪಕ್ಕದ ಪಂಕ್ಚರಿನವನೂ ಸೀಟು ಹೊಲಿಯುವವನೂ ಎದ್ದು ಆಚೆ ಹೋದರು.

"ಯಜ್ಞಣ್ಣ, ನೀವಾದ್ರೂ ನೋಡಿ ಮಾರಾಯ್ರೆ," ಎಂದ ಮುಂಡಪ್ಪ. "ಎಲ್ಲೆಂದರಲ್ಲಿ ಬಂದ್ ಬೀಳ್ತದೆ. ಮೂರು ಗ್ಯಾರೇಜಿಗೆ ಕೊಂಡುಹೋದೆ. ಒಬ್ಬ ಬ್ಯಾಟರಿ ಬದಲಿಸಿದ, ಇನ್ನೊಬ್ಬ ಆಲ್ಟರ್ನೇಟರ್ ಬದಲಿಸಿದ. ಹಿಂದೆ ಹತ್ತಿ ನೋಡಿದವ ಒಬ್ಬನೂ ಇಲ್ಲ."

"ಯಾವಾಗ ನಿಲ್ತದೆ?"

ಮುಂಡಪ್ಪ ದನಿ ತಗ್ಗಿಸಿದ. "ಹೆಣ ಇದ್ದಾಗ ಮಾತ್ರ. ಖಾಲಿ ಗಾಡಿ ಕಲ್ಯಾಣಕ್ಕೆ ಹೋಗಿ ಬಂದರೂ ಏನೂ ಇಲ್ಲ. ಮೊನ್ನೆ ಏನಾಯ್ತು ಗೊತ್ತುಂಟಾ?"

ಮೊನ್ನೆ ಡೊಂಬಿವಲಿಯಲ್ಲಿ ಪೂವಪ್ಪ ಎಂಬ ಹಿರಿಯರು ತೀರಿಕೊಂಡಿದ್ದರು. ಮಗ ಕೀರ್ತನ್. ಮಗಳು ಮಾನಸಿ ಮನೆಯವರಿಗೆ ಬೇಡದ ಹುಡುಗನನ್ನು ಮದುವೆಯಾಗಿ ಖಾರಘರದಲ್ಲಿದ್ದಳು. ಸುದ್ದಿ ತಿಳಿದು ಬಂದವಳು, ಸ್ಮಶಾನಕ್ಕೂ ಬರುತ್ತೇನೆಂದು ಹಟ ಹಿಡಿದು ಗಾಡಿ ಹತ್ತಿ ಅಪ್ಪನ ತಲೆಯ ಹತ್ತಿರ ಕೂತಳು. ರೈಲ್ವೆ ಸೇತುವೆಯ ಏರಿನಲ್ಲಿ ಗಾಡಿ ನಿಂತಿತು. ಚಾವಿ ಎಷ್ಟು ತಿರುಗಿಸಿದರೂ ಇಲ್ಲ. ಸೆಕೆಗೆ ಹೆಣದ ಸುತ್ತ ಇಟ್ಟ ಮಂಜುಗಡ್ಡೆ ಕರಗಿ ನೀರು ರಸ್ತೆಗೆ ಹರಿಯುತ್ತಿತ್ತು, ಹಿಂದಿನ ರಿಕ್ಷಾದವರು ಹಾರ್ನ್ ಬಡಿಯುತ್ತಿದ್ದರು. ಆಗ ಯಾರೋ ಒಬ್ಬ ಚಿಕ್ಕಪ್ಪ, "ಅವಳು ಇರುವವರೆಗೆ ಪೂವಪ್ಪಣ್ಣ ಹೋಗುವುದಿಲ್ಲ" ಎಂದ. ಕೀರ್ತನ್ ತಂಗಿಯ ರಟ್ಟೆ ಹಿಡಿದು ಇಳಿಸಿದ.

"ಅವಳು ಇಳಿದದ್ದು, ನಾನು ಚಾವಿ ತಿರುಗಿಸಿದ್ದು. ಒಂದೇ ಸಲಕ್ಕೆ ಸ್ಟಾರ್ಟ್!" ಎಂದ ಮುಂಡಪ್ಪ. "ಅವಳನ್ನು ಅಲ್ಲೇ ಬಿಟ್ಟು ಹೋದೆವು. ನನ್ನ ಮೈಯೆಲ್ಲ ಜುಮ್ಮೆಂದಿತು ಯಜ್ಞಣ್ಣ."

"ಮೊದಲು ನಿಂತಾಗೆಲ್ಲ ಹೇಗೆ ಸ್ಟಾರ್ಟ್ ಆಗ್ತಿತ್ತು?"

"ಜನ ಇಳಿದು ತಳ್ಳಿದರೆ ಆಗ್ತಿತ್ತು."

"ತಳ್ಳಿದ್ದಕ್ಕಲ್ಲ ಮಾರಾಯ, ಇಳಿದದ್ದಕ್ಕೆ," ಎಂದ ಯಜ್ಞೇಶ್ವರ.

ಭಾರ ಬಿದ್ದಾಗ ಎಲ್ಲೋ ಒಂದು ವೈರು ಬಿಡುತ್ತದೆ, ಭಾರ ಇಳಿದರೆ ಕೂಡುತ್ತದೆ. ಖಾಲಿ ಗಾಡಿಯಲ್ಲಿ ಅದನ್ನು ಹುಡುಕಲಾಗದು, ಯಾರಾದರೂ ಒಳಗೆ ಕೂರಬೇಕು. ಪಂಕ್ಚರಿನವನನ್ನು ಕರೆದರೆ ಅವನು ದೂರದಿಂದಲೇ ಕೈ ಮುಗಿದ. ಚಾವಿಯ ಹತ್ತಿರ ಮುಂಡಪ್ಪ ಬೇಕು. ಉಳಿದವನು ತಾನೊಬ್ಬನೇ.

ಯಜ್ಞೇಶ್ವರ ಮೂಗಿಗೆ ಬೈರಾಸು ಕಟ್ಟಿಕೊಂಡು ಹತ್ತಿದ. ಒಳಗೆ ಕೊಳೆತ ಹೂವು, ಸುಟ್ಟ ಊದುಬತ್ತಿ, ಇನ್ನೂ ಏನೇನೋ ಸೇರಿದ ವಾಸನೆ. ಎಡಗಡೆಯ ಬೆಂಚಿನ ಹಿಂದಿನ ತುದಿಯಿಂದ ಒಂದೊಂದು ಗೇಣು ಸರಿಯುತ್ತ ಕೂತು ನೋಡಿದ. ಇಂಜಿನ್ ಓಡುತ್ತಲೇ ಇತ್ತು. ಮುಂದಿನ ಮೂಲೆಗೆ, ಹೆಣದ ತಲೆ ಬರುವಲ್ಲಿಗೆ ಬಂದು ಕೂತ ಕೂಡಲೇ ಇಂಜಿನ್ ಸತ್ತಿತು. ಎದ್ದ. "ಹಚ್ಚು" ಎಂದ. ಹತ್ತಿತು.

ಬೆಂಚಿನ ತಗಡು ಬಿಚ್ಚಿದವನು ಬೈರಾಸನ್ನು ಇನ್ನಷ್ಟು ಬಿಗಿದುಕೊಂಡ. ಕಪ್ಪಾದ ಚೆಂಡುಹೂವು, ಗುಲಾಲು ಕಲಸಿ ಅಂಟಾದ ಮಂಡಕ್ಕಿ, ಅದರ ಮೇಲೆ ಗುಟ್ಕಾ ಚೀಟಿಗಳು, ಉಗುಳಿದ ಕೆಂಪು ಕಲೆ. ಸತ್ತವರ ಗಲೀಜು ಅಲ್ಲಿ ಏನೂ ಇರಲಿಲ್ಲ. ಎಲ್ಲ ಬದುಕಿದ್ದವರದು. ಅದರ ನಡುವೆ ಒಂದು ಕಳ್ಳ ಸ್ವಿಚ್ಚು ಸಿಕ್ಕಿತು. ಹಿಂದಿನ ಮಾಲೀಕ ಯಾರೋ ಗಾಡಿ ಕದಿಯಬಾರದೆಂದು, ಇಂಜಿನ್ನಿಗೆ ಡೀಸೆಲ್ ಬಿಡುವ ವಾಲ್ವಿನ ವೈರನ್ನು ಇಲ್ಲಿಯವರೆಗೆ ಎಳೆದು ಸ್ವಿಚ್ಚಿಗೆ ಕೊಟ್ಟಿದ್ದ. ಬರೇ ಹೊಸೆದ ಜೋಡಣೆ. ವರ್ಷಗಟ್ಟಲೆ ಮಂಜುಗಡ್ಡೆಯ ನೀರು ಕುಡಿದು ತಾಮ್ರ ಹಸಿರು ಪುಡಿಯಾಗಿತ್ತು, ಒಂದೆರಡು ಎಳೆ ಮಾತ್ರ ತಾಗಿಕೊಂಡಿತ್ತು. ಮೇಲೆ ಯಾರಾದರೂ ಕೂತರೆ ತಗಡು ಬಗ್ಗಿ ಅದೂ ಬಿಡುತ್ತಿತ್ತು.

"ಆ ಹುಡುಗಿ ಕೂತದ್ದು ಎಲ್ಲಿ?" ಎಂದು ಕೇಳಿದ.

ಮುಂಡಪ್ಪ ಆ ಮೂಲೆಯನ್ನೇ ತೋರಿಸಿದ.

ಆ ಮನೆಯವರಿಗೆ ತೋರಿಸಬೇಕೆಂದು ಯಜ್ಞೇಶ್ವರ ವೈರು ಕತ್ತರಿಸಲಿಲ್ಲ. ತಗಡು ಇದ್ದ ಹಾಗೆಯೇ ಮುಚ್ಚಿ, ಮಿಂದು, ಲೋಕಲ್ ರೈಲು ಹಿಡಿದು ಡೊಂಬಿವಲಿಗೆ ಹೋದ. ಕೀರ್ತನ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಹೆಣದ ಗಾಡಿ ರಿಪೇರಿ ಮಾಡಿ ಸೀದಾ ಬಂದದ್ದಾ ನೀವು? ಸ್ವಲ್ಪ ಆಚೆ ನಿಲ್ಲಿ."

ಸೂತಕದ ಮನೆಯವನು ತನ್ನನ್ನು ಆಚೆ ನಿಲ್ಲಿಸುತ್ತಿದ್ದಾನೆ! ಯಜ್ಞೇಶ್ವರ ನುಂಗಿಕೊಂಡ. "ಬಂದು ಒಮ್ಮೆ ಕಣ್ಣಾರೆ ನೋಡಿ. ನಿಮ್ಮ ತಂಗಿಯದ್ದು ಏನೂ ತಪ್ಪಿಲ್ಲ."

"ವೈರ್ ಇರಬಹುದು. ಆದರೆ ಅವಳೇ ಯಾಕೆ ಅಲ್ಲಿ ಕೂರಬೇಕಿತ್ತು ಅಂಕಲ್? ಅದೆಲ್ಲ ಮೇಲಿನವನದ್ದು," ಎಂದು ಕೀರ್ತನ್ ಬಾಗಿಲು ಹಾಕಿಕೊಂಡ.

ಬೆಂಚಿನ ಕೆಳಗೆ ಕೈ ಹಾಕಿದಾಗಲೂ ಯಜ್ಞೇಶ್ವರನಿಗೆ ಇಷ್ಟು ಅಸಹ್ಯವಾಗಿರಲಿಲ್ಲ. ಮೆಟ್ಟಿಲು ಇಳಿದು, ಗೇಟಿನ ಹೊರಗೆ ನಿಂತು ಬಾಯಿ ಮುಕ್ಕಳಿಸಿದ.

ಮುಂಡಪ್ಪ ಹೇಗೋ ಮಾನಸಿಯ ನಂಬರು ಹುಡುಕಿ ವಿಷಯ ತಿಳಿಸಿದ. ಮರುದಿನ ಬೆಳಿಗ್ಗೆ ಅವಳು ಖಾರಘರದಿಂದ ಒಬ್ಬಳೇ ಬಂದಳು. ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾದರೂ ನಾಲಗೆಗೆ ಬರುವುದು ಹಿಂದಿ. "ಅಂಕಲ್, ಮೈಂ ಬೈಠೂಂ?" ಎಂದು ಕೇಳಿ ಅದೇ ಮೂಲೆಯಲ್ಲಿ ಕೂತಳು.

ಓಡುತ್ತಿದ್ದ ಇಂಜಿನ್ ನಿಂತಿತು. ಎದ್ದಳು. ಮುಂಡಪ್ಪ ಹಚ್ಚಿದ, ಹತ್ತಿತು. ಮತ್ತೆ ಕೂತಳು, ನಿಂತಿತು. ಏಳೆಂಟು ಸಲ ಹಾಗೆಯೇ ಮಾಡಿದಳು.

"ಬೇರೆ ಯಾರಾದ್ರೂ ಕೂತಿದ್ರೆ?" ಈ ಸಲ ಕನ್ನಡದಲ್ಲೇ ಕೇಳಿದಳು.

"ಅವರು ಕೂತಿದ್ರೂ ನಿಲ್ತಿತ್ತಮ್ಮ. ಅವರಿಗೆ ತಳ್ಳಲಿಕ್ಕೆ ಹೇಳ್ತಿದ್ರು, ಅಷ್ಟೇ."

ಅವಳು ಬೆಂಚಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಕೂತಿದ್ದು, ಮುಖ ಒರೆಸಿಕೊಂಡು ಇಳಿದಳು. ಅಣ್ಣನಿಗೆ ಫೋನ್ ಮಾಡಿ ಹೇಳಲೇ ಎಂದು ಮುಂಡಪ್ಪ ಕೇಳಿದ. "ಬೇಡ. ನನ್ನನ್ನು ದೂರಲು ಅವನಿಗೆ ಇನ್ನೊಂದು ಕಾರಣ ಸಿಗುತ್ತೆ," ಎಂದಳು.

ಅವಳು ಹೋದ ಮೇಲೆ ಯಜ್ಞೇಶ್ವರ ಕಳ್ಳ ಸ್ವಿಚ್ಚನ್ನು ಕಿತ್ತೆಸೆದು, ಬೇರೆ ದಾರಿಯಲ್ಲಿ ಹೊಸ ವೈರು ಎಳೆದು, ಪ್ರತಿ ಜೋಡಣೆಯನ್ನೂ ಸೋಲ್ಡರ್ ಮಾಡಿದ. ಬೆಂಚಿನ ಕೆಳಗೆ ಫಿನಾಯಿಲ್ ಹಾಕಿ ತಾನೇ ತೊಳೆದ. ಸಂಜೆ ಹೆಂಡತಿ ನಳಿನಾಕ್ಷಿ ಅವನಿಗೆ ಮೀಯಲು ಎರಡು ಸಲ ನೀರು ಕಾಯಿಸಿ ಕೊಡಬೇಕಾಯಿತು.

ಹೊಸ ಕಾರಿನ ಕೆಲವು ಗಿರಾಕಿಗಳು ಆಮೇಲೆ ಅವನ ಅಂಗಡಿಗೆ ಬರಲಿಲ್ಲ. ಹೆಣದ ಗಾಡಿ ಮುಟ್ಟಿದ ಸ್ಪ್ಯಾನರು ಬೇಡವಂತೆ. ಗಾಡಿ ಮಾತ್ರ ಗುಜರಿಗೆ ಹೋಗುವವರೆಗೆ, ಇನ್ನೂ ಆರು ವರ್ಷ, ಒಮ್ಮೆಯೂ ನಡುದಾರಿಯಲ್ಲಿ ನಿಲ್ಲಲಿಲ್ಲ. ಪೂವಪ್ಪನವರ ಹೆಸರಲ್ಲಿ ಶಾಂತಿ ಮಾಡಿಸಿದ ಮೇಲೆಯೇ ಅದು ಸರಿಹೋದದ್ದೆಂದು ಕೀರ್ತನ್ ಎಲ್ಲರಿಗೂ ಹೇಳುತ್ತಾನೆಂದು ಮುಂಡಪ್ಪ ಒಂದು ದಿನ ತಿಳಿಸಿದ.

ಯಜ್ಞೇಶ್ವರ ಕೈಯಲ್ಲಿದ್ದ ಚಹಾವನ್ನು ಗಟಾರಕ್ಕೆ ಚೆಲ್ಲಿದ.

"ಅವನ ಕಾರು ಇಲ್ಲಿಗೆ ಬಂದರೆ ನಾನು ಮುಟ್ಟುವುದಿಲ್ಲ," ಎಂದ. "ನನಗೆ ಹೇಸಿಗೆ ಆಗ್ತದೆ."